ಹಚ್ಚೆ ತೆಗೆಸುವ ಮುಂಚೆ, ಬಂಗಿಗೆ ಲೇಸರ್ ಹೊಡೆಸುವ ಮುಂಚೆ

ನನ್ನ ಎಡ ಮುಂಗೈ ಮೇಲೆ, ವಾಚಿನ ಬೆಲ್ಟಿಗಿಂತ ನಾಲ್ಕು ಬೆರಳು ಮೇಲೆ ಒಂದು ಬಿಳಿ ಕಲೆ ಇದೆ. ಹುಣಸೆ ಬೀಜದಷ್ಟು. ನೋಡಿದವರು ತೊನ್ನು ಅಂದುಕೊಂಡು ಏನೂ ಕೇಳದೆ ಸುಮ್ಮನಾಗುತ್ತಾರೆ. ಅದು ತೊನ್ನಲ್ಲ, ಅವಸರಕ್ಕೆ ನಾನು ತೆತ್ತ ದಂಡ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಜಾತ್ರೆಗೆ ಹೋಗಿದ್ದೆ. ಬ್ಯಾಟರಿಗೆ ಮಿಷನ್ ಸಿಕ್ಕಿಸಿಕೊಂಡು ಗೋಣಿಚೀಲದ ಮೇಲೆ ಕೂತಿದ್ದವನ ಹತ್ತಿರ ಎರಡು ಅಕ್ಷರ ಹಾಕಿಸಿಕೊಂಡೆ. ಒಂದು ನನ್ನದು. ಇನ್ನೊಂದು ಯಾರದು ಅನ್ನೋದು ಈಗ ಬೇಡ ಬಿಡಿ. ಮದುವೆ ಗೊತ್ತಾದ ಮೇಲೆ ಆ ಎರಡನೇ ಅಕ್ಷರ ಇಟ್ಟುಕೊಂಡು ಓಡಾಡುವುದು ಕಷ್ಟವಾಯಿತು. ‘ಒಂದೇ ಸಿಟ್ಟಿಂಗಿಗೆ ಕ್ಲೀನ್’ ಎಂದು ಬೋರ್ಡು ಹಾಕಿಕೊಂಡಿದ್ದ ಒಂದು ಕಡೆ ಹೋದೆ. ಅಲ್ಲಿ ಡಾಕ್ಟರ್ ಇರಲಿಲ್ಲ. ಕಣ್ಣಿಗೆ ಕನ್ನಡಕ ಕೊಡಲಿಲ್ಲ. ಹೆಸರು, ಫೋನ್ ನಂಬರ್ ಬಿಟ್ಟು ಬೇರೇನೂ ಕೇಳಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ದ್ರಾಕ್ಷಿ ಗಾತ್ರದ ಬೊಬ್ಬೆ ಎದ್ದಿತ್ತು. ಅದು ಒಡೆದು, ಒಣಗಿ, ಹಕ್ಕಳೆ ಬಿದ್ದ ಮೇಲೆ ಉಳಿದದ್ದೇ ಈ ಬಿಳಿ ಕಲೆ. ಅಕ್ಷರ ಮಾತ್ರ ಅದರ ಪಕ್ಕದಲ್ಲೇ ಹಾಯಾಗಿ ಕೂತಿತ್ತು! ಆಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, 7 ಸಿಟ್ಟಿಂಗ್ ಮಾಡಿಸಿ, 14 ತಿಂಗಳಲ್ಲಿ ಅದರಿಂದ ಬಿಡುಗಡೆಯಾದೆ.

ಕೊಪ್ಪಳದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬಿಸಲು ಬರುವ ಹುಡುಗರು ನನ್ನ ಕೈ ನೋಡಿ, ತಮ್ಮ ತೋಳು ಮಡಚಿ, "ಅಣ್ಣಾರ, ಇದು ಹೋಕ್ಕೈತೇನ್ರಿ?" ಅಂತಾರೆ. ಹುಡುಗಿಯರು ಮುಖದ ಕಲೆ ಬಗ್ಗೆ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತಿದ್ದದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಎದುರು ಕೂತಾಗ ಏನು ಕೇಳಬೇಕು, ಎಲ್ಲಿಂದ ಎದ್ದು ಬರಬೇಕು ಅನ್ನೋದಷ್ಟು ಕಲಿತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಲೇಸರ್ ಅಳಿಸುವುದಿಲ್ಲ, ಒಡೆಯುತ್ತದೆ

ಹಚ್ಚೆಯ ಮಸಿ ಚರ್ಮದ ಮೇಲ್ಪದರದಲ್ಲಿ ಇರುವುದಿಲ್ಲ. ಅದರ ಕೆಳಗಿನ ಪದರದಲ್ಲಿ ಕೂತಿರುತ್ತದೆ. ಮೇಲ್ಪದರ ಸವೆದು ಹೊಸದಾಗಿ ಬರುತ್ತಲೇ ಇರುತ್ತದೆ, ಆದರೆ ಕೆಳಗಿನದು ಹಾಗಲ್ಲ. ಅದಕ್ಕೇ ಹಚ್ಚೆ ಸಾಯೋತನಕ ಇರುತ್ತದೆ. ಮಸಿಯ ಕಣಗಳು ದೊಡ್ಡವು, ಮೈಯೊಳಗಿನ ಬಿಳಿ ರಕ್ತಕಣಗಳು ಅವನ್ನು ಹೊತ್ತು ಸಾಗಿಸಲಾರವು.

ಲೇಸರ್ ಮಾಡುವುದು ಇಷ್ಟೇ. ಆ ಕಣಕ್ಕೆ ಕ್ಷಣಕ್ಕಿಂತಲೂ ಚಿಕ್ಕದಾದ ಬೆಳಕಿನ ಏಟು ಕೊಟ್ಟು ಚೂರು ಮಾಡುತ್ತದೆ. ನಮ್ಮ ಕಡೆ ಕ್ವಾರಿಯಲ್ಲಿ ಬಂಡೆ ಒಡೆದು ಜಲ್ಲಿ ಮಾಡುತ್ತಾರಲ್ಲ, ಹಾಗೆ. ಜಲ್ಲಿ ಹೊರುವ ಕೆಲಸ ಮೈಯದು. ಅದು ವಾರಗಟ್ಟಲೆ ನಡೆಯುತ್ತದೆ. ಆದ್ದರಿಂದ ಒಂದು ಸಿಟ್ಟಿಂಗಿಗೂ ಇನ್ನೊಂದಕ್ಕೂ ನಡುವೆ 6ರಿಂದ 8 ವಾರ ಬಿಡುತ್ತಾರೆ. "ಹದಿನೈದು ದಿನಕ್ಕೊಮ್ಮೆ ಬನ್ನಿ, ಬೇಗ ಮುಗಿಸೋಣ" ಅನ್ನುವವರು ನಿಮ್ಮ ಚರ್ಮಕ್ಕಿಂತ ತಮ್ಮ ಗಲ್ಲಾಪೆಟ್ಟಿಗೆ ನೋಡುತ್ತಿದ್ದಾರೆ ಅಂತಲೇ ಅರ್ಥ.

ಏಟು ಎಷ್ಟು ಚಿಕ್ಕದು ಅಂದರೆ, ಹಚ್ಚೆಗೆ ಬಳಸುವ ಕ್ಯೂ-ಸ್ವಿಚ್ಡ್ ಲೇಸರ್ ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಹೊಡೆಯುತ್ತದೆ. ಒಂದು ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಒಂದು ಭಾಗವೇ ನ್ಯಾನೋಸೆಕೆಂಡ್. ಹೊಸ ಪಿಕೋ ಲೇಸರ್ ಅದಕ್ಕಿಂತ ಚುರುಕು. ಇದರ ಹಿಂದಿನ ಲೆಕ್ಕಾಚಾರವನ್ನು 1983ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ಇಬ್ಬರು ಸಂಶೋಧಕರು ಮಂಡಿಸಿದರು. ಒಂದೊಂದು ಬಣ್ಣ ಒಂದೊಂದು ಬೆಳಕನ್ನು ಹೆಚ್ಚು ಹೀರುತ್ತದೆ. ಸರಿಯಾದ ಬೆಳಕನ್ನು ಸಾಕಷ್ಟು ಚುಟುಕಾಗಿ ಕೊಟ್ಟರೆ ಆ ಬಣ್ಣ ಮಾತ್ರ ಕಾಯುತ್ತದೆ, ಅಕ್ಕಪಕ್ಕದ ಚರ್ಮ ಬೇಯುವುದರೊಳಗೆ ಏಟು ಮುಗಿದಿರುತ್ತದೆ.

ತೊಂದರೆ ಎಲ್ಲಿ ಅಂದರೆ, ನಮ್ಮ ಚರ್ಮದಲ್ಲೂ ಬಣ್ಣ ಇದೆ. ಮೆಲನಿನ್. ಅದೂ ಬೆಳಕು ಹೀರುತ್ತದೆ. ಡಾಕ್ಟರುಗಳು ಚರ್ಮವನ್ನು 1ರಿಂದ 6ರವರೆಗೆ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಳತೆ ಇಟ್ಟುಕೊಂಡಿದ್ದಾರೆ. 1 ಅಂದರೆ ತೀರಾ ಬಿಳಿ, 6 ಅಂದರೆ ತೀರಾ ಕಪ್ಪು. ನಾವು ಬಹುತೇಕ 4 ಅಥವಾ 5. ಯೂಟ್ಯೂಬಿನಲ್ಲಿ ಬಿಳಿಯರ ಕೈ ಮೇಲಿನ ಹಚ್ಚೆ ಫಟಾಫಟ್ ಹೋಗುವುದನ್ನು ನೋಡಿ ನಮ್ಮ ಕೈಗೂ ಅದೇ ಲೆಕ್ಕ ಹಾಕಬಾರದು. ನಮ್ಮಂಥ ಚರ್ಮಕ್ಕೆ ಎನ್‌ಡಿ-ಯಾಗ್ ಎಂಬ ಲೇಸರಿನ 1064 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ ಇದು) ಬೆಳಕು ಹೆಚ್ಚು ಸುರಕ್ಷಿತ. ಅದು ಆಳಕ್ಕೆ ಇಳಿಯುತ್ತದೆ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಅದೇ ಮಿಷನ್ನಿನ 532 ನ್ಯಾನೋಮೀಟರ್ ಬೆಳಕು ಕೆಂಪು ಮಸಿಗೆ ಬೇಕಾಗುತ್ತದೆ, ಆದರೆ ಮೆಲನಿನ್ ಅದನ್ನು ಗಟಗಟ ಕುಡಿಯುತ್ತದೆ. ಬೊಬ್ಬೆ, ಕಪ್ಪು ಕಲೆ, ಬಿಳಿ ಕಲೆ ಇಲ್ಲಿ ಜಾಸ್ತಿ. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ನಿಮ್ಮ ಹಚ್ಚೆ ಯಾವ ಜಾತಿಯದು ನೋಡಿ

ನಮ್ಮ ಅಜ್ಜಿಯ ಮುಂಗೈ ತುಂಬ ಕೊರವರ ಹೆಂಗಸರು ಹಾಕಿದ ಹಚ್ಚೆ ಇತ್ತು. ದೀಪದ ಕಾಡಿಗೆಯ ಮಸಿ, ಸೂಜಿ, ಮೇಲೊಂದು ಹಾಡು. ವಯಸ್ಸಾದಂತೆ ಅದು ಹಸಿರು-ನೀಲಿ ಕಾಣುತ್ತಿತ್ತು. ಅಸಲಿಗೆ ಅದು ಕಪ್ಪೇ. ಚರ್ಮದ ಆಳದಲ್ಲಿ ಇರುವ ಕಪ್ಪು ಹೊರಗಿನಿಂದ ನೋಡಿದರೆ ನೀಲಿಯಾಗಿ ತೋರುತ್ತದೆ. ಹಾಗೆ ಹಾಕಿದ ಹಳೇ ಹಚ್ಚೆ, ಜಾತ್ರೆಯ ಹಚ್ಚೆ, ಒಂದೇ ಬಣ್ಣದ ಅಕ್ಷರಗಳು 1064ಕ್ಕೆ ಚೆನ್ನಾಗಿ ಬಗ್ಗುತ್ತವೆ. ಮಸಿ ಕಡಿಮೆ ಇರುತ್ತದೆ. ಆದರೆ ಸೂಜಿ ಒಂದು ಕಡೆ ಆಳ, ಒಂದು ಕಡೆ ಮೇಲೆ ಹೋಗಿರುವುದರಿಂದ ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ನನ್ನ ಅಕ್ಷರದ ತಲೆಕಟ್ಟು ಮೂರನೇ ಸಿಟ್ಟಿಂಗಿಗೇ ಹೋಯಿತು, ಒತ್ತು ಏಳನೆಯದರವರೆಗೂ ಹಟ ಹಿಡಿದಿತ್ತು.

ಸ್ಟುಡಿಯೋದಲ್ಲಿ ಹಾಕಿಸಿದ ದಟ್ಟ ಹಚ್ಚೆಗೆ ಹೆಚ್ಚು ಸಿಟ್ಟಿಂಗ್ ಬೇಕು. 6ರಿಂದ 12, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಬಣ್ಣಗಳ ಪೈಕಿ ಕಪ್ಪು ಸುಲಭ, ಕೆಂಪು ಪರವಾಗಿಲ್ಲ. ಹಸಿರು ಮತ್ತು ತಿಳಿ ನೀಲಿಗೆ ಬೇರೆ ಲೇಸರ್ ಬೇಕಾಗುತ್ತದೆ, 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ತರಹದ್ದು. ಹಳದಿ ಹಟಮಾರಿ. ಬಿಳಿ, ಚರ್ಮದ ಬಣ್ಣದ ಮಸಿ ಇದ್ದರೆ ಹುಷಾರು: ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ಕಬ್ಬಿಣದ ಆಕ್ಸೈಡ್ ಲೇಸರ್ ಬಿದ್ದ ತಕ್ಷಣ ಕಪ್ಪಾಗಿಬಿಡಬಹುದು. ಹುಬ್ಬಿಗೆ, ತುಟಿಗೆ ಬಣ್ಣ ತುಂಬಿಸಿಕೊಂಡವರು ಇದನ್ನು ಎರಡು ಸಲ ಓದಿ.

ಜಾಗವೂ ಮುಖ್ಯ. ಕುತ್ತಿಗೆ, ಎದೆ, ಬೆನ್ನಿನ ಮೇಲ್ಭಾಗದ್ದು ಬೇಗ ಹೋಗುತ್ತದೆ. ಬೆರಳು, ಪಾದ, ಕಣಕಾಲಿನದು ನಿಧಾನ. ಅಲ್ಲಿಂದ ಚೂರು ಹೊರುವ ವ್ಯವಸ್ಥೆಯೇ ಮಂದ. ಹಳೇ ಹಚ್ಚೆಯ ಮೇಲೆ ಇನ್ನೊಂದು ಹಾಕಿಸಿ ಮುಚ್ಚಿದ್ದರೆ ಮಸಿ ಡಬಲ್, ಕೆಲಸವೂ ಡಬಲ್. ಬೀಡಿ ಸಿಗರೇಟು ಸೇದುವವರಿಗೂ ತಡವಾಗುತ್ತದೆ.

ಕೆಂಪು ಮಸಿ ಇರುವ ಕಡೆ ತುರಿಕೆ, ಊತ ಇದ್ದರೆ ಅದು ಅಲರ್ಜಿ. ಅದನ್ನು ಹೇಳದೆ ಲೇಸರ್ ಹೊಡೆಸಿದರೆ ಒಡೆದ ಮಸಿ ಮೈಯೆಲ್ಲ ಹರಡಿ ದದ್ದು ಏಳಬಹುದು, ಉಸಿರಿಗೇ ತೊಂದರೆಯಾಗಬಹುದು. ಮೊದಲೇ ಹೇಳಿ.

ಮನೆ ಮದ್ದಿನ ಬಗ್ಗೆ ಒಂದೇ ಮಾತು. ಸುಣ್ಣ-ಸೋಡಾ, ಉಪ್ಪು ತಿಕ್ಕುವುದು, ಬ್ಯಾಟರಿ ಆಸಿಡ್, ಕೇರು ಬೀಜದ ಎಣ್ಣೆ: ಇವೆಲ್ಲ ಚರ್ಮ ಸುಡುತ್ತವೆ. ಸುಟ್ಟ ಗಾಯದ ಗಂಟಿನ ಮೇಲೆ ಆಮೇಲೆ ಲೇಸರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ‘ಟ್ಯಾಟೂ ರಿಮೂವಲ್ ಕ್ರೀಮ್’ ಕೂಡ ಇದೇ ಬಳಗದ್ದು.

ಭರ್ತಿಗೆ ಹೋಗುವ ಹುಡುಗರಿಗೆ

ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಇವರೇ. ಎಲ್ಲ ಹಚ್ಚೆಯನ್ನೂ ತೆಗೆಸಬೇಕಾಗಿಲ್ಲ, ಮೊದಲು ನಿಯಮ ಓದಿ. ಸೇನೆಯಲ್ಲಿ ಮೊಣಕೈಯ ಒಳಭಾಗದಿಂದ ಮಣಿಕಟ್ಟಿನವರೆಗೆ, ಅಂದರೆ ಮುಂಗೈಯ ಒಳಮೈ ಮತ್ತು ಹಸ್ತದ ಹಿಂಬದಿ, ಇಷ್ಟು ಕಡೆ ಹಚ್ಚೆಗೆ ಅವಕಾಶ ಇದೆ. ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿಯ ಹಚ್ಚೆಗೆ ವಿನಾಯಿತಿ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳಲ್ಲಿ ಸೆಲ್ಯೂಟ್ ಹೊಡೆಯದ ಎಡಗೈ ಮುಂಗೈಯ ಒಳಮೈ ಅಥವಾ ಹಸ್ತದ ಹಿಂಭಾಗ, ಅದೂ ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಏನಿದೆ ಅನ್ನೋದೇ ಕೊನೆಯ ಮಾತು. ಆ ಪುಟ ಒಂದು ಪ್ರಿಂಟ್ ತೆಗೆಸಿಕೊಳ್ಳಿ, ನನ್ನ ಅಂಗಡಿಯಲ್ಲೇ ಆಗಬೇಕಂತಿಲ್ಲ.

ತೆಗೆಸಲೇಬೇಕು ಅಂತಾದರೆ ವರ್ಷ, ಒಂದೂವರೆ ವರ್ಷ ಮುಂಚೆ ಶುರು ಮಾಡಿ. 8 ಸಿಟ್ಟಿಂಗ್, ನಡುನಡುವೆ 7 ವಾರ ಅಂದರೂ ಒಂದು ವರ್ಷದ ಹತ್ತಿರ ಹೋಗುತ್ತದೆ. ಮೆಡಿಕಲ್‌ಗೆ ಮೂರು ವಾರ ಇದೆ ಅನ್ನುವಾಗ ಓಡಿ ಬಂದು ಜೋರು ಪವರ್ ಇಡಿಸಿದರೆ, ಹಚ್ಚೆಯ ಬದಲು ಹಸಿ ಗಾಯ ತೋರಿಸಬೇಕಾಗುತ್ತದೆ.

ಮುಖದ ಕಲೆಗೆ: ಮಿಷನ್ ಆಮೇಲೆ, ಹೆಸರು ಮೊದಲು

ಹಚ್ಚೆ ಹಚ್ಚೆಯೇ, ಅದರಲ್ಲಿ ಅನುಮಾನ ಇಲ್ಲ. ಮುಖದ ಕಪ್ಪು ಹಾಗಲ್ಲ. ಹತ್ತು ಬಗೆಯ ಕಪ್ಪಿಗೆ ಹತ್ತು ಕಾರಣ. ಯಾವ ಕಪ್ಪು ಅಂತ ಗೊತ್ತಿಲ್ಲದೆ ‘ಪಿಗ್ಮೆಂಟೇಶನ್ ಪ್ಯಾಕೇಜ್’ ಕೊಳ್ಳುವುದು, ಜ್ವರ ಯಾವುದು ಅಂತ ನೋಡದೆ ಇಂಜೆಕ್ಷನ್ ಚುಚ್ಚಿಸಿಕೊಂಡ ಹಾಗೆ.

ನಮ್ಮ ಅಕ್ಕನ ಕತೆ ಹೇಳುತ್ತೇನೆ. ಎರಡನೇ ಹೆರಿಗೆ ಆದ ಮೇಲೆ ಅವಳ ಎರಡೂ ಕೆನ್ನೆ ಮೇಲೆ, ಮೂಗಿನ ಮೇಲೆ ಕಂದು ಬಂಗು ಬಂತು. ಪಕ್ಕದ ಮನೆಯವರು ಹೇಳಿದರೆಂದು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚಿದಳು. ಒಂದು ತಿಂಗಳು ಮುಖ ಬೆಣ್ಣೆ. ಆಮೇಲೆ ಬಿಸಿಲಿಗೆ ಹೋದರೆ ಉರಿ, ಕೆನ್ನೆ ಕೆಂಪು, ಸಣ್ಣ ಸಣ್ಣ ರಕ್ತನಾಳ ಕಾಣತೊಡಗಿದವು, ಗುಳ್ಳೆ, ಗಲ್ಲದ ಮೇಲೆ ಕೂದಲು. ಬಿಟ್ಟರೆ ಇನ್ನೂ ಜಾಸ್ತಿ, ಹಚ್ಚಿದರೆ ಸ್ವಲ್ಪ ತಣ್ಣಗೆ. ಒಂಥರಾ ಚಟ. ಡಾಕ್ಟರ್ ಟ್ಯೂಬ್ ತಿರುಗಿಸಿ ಹಿಂದಿನ ಅಕ್ಷರ ಓದಿಸಿದರು. ಮೊಮೆಟಾಸೋನ್ ಅಂತಿತ್ತು. ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಇದ್ದರೂ ಅದೇ ಗುಂಪು. 2018ರಲ್ಲೇ ಸರ್ಕಾರ ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದೆ. ಆದರೂ ಕೌಂಟರಿನ ಮೇಲೆ ಕೈ ಚಾಚಿದರೆ ಸಿಗುತ್ತವೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಆ ಡಾಕ್ಟರಮ್ಮ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. "ದಿನಾ ಎಷ್ಟು ರೊಟ್ಟಿ ಬಡಿತೀರಮ್ಮಾ?" ಅಕ್ಕ ನಕ್ಕು, "ಮೂವತ್ತರ ಮ್ಯಾಲೇರಿ" ಅಂದಳು. ಬೆಳಿಗ್ಗೆ ಒಂದೂವರೆ ತಾಸು ಒಲೆಯ ಮುಂದೆ, ಕಾದ ಹಂಚಿನ ಝಳ ನೇರ ಮುಖಕ್ಕೆ. ಬಂಗಿಗೆ ಬಿಸಿಲು ಎಷ್ಟು ಕೆಟ್ಟದ್ದೋ ಝಳವೂ ಅಷ್ಟೇ ಕೆಟ್ಟದ್ದಂತೆ. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಇವೂ ಕಾರಣ. ಅವಳಿಗೆ ಲೇಸರ್ ಒಂದು ಸಲವೂ ಹೊಡೆಯಲಿಲ್ಲ. ಸ್ಟೀರಾಯ್ಡ್ ಬಿಡಿಸಲೇ ತಿಂಗಳುಗಳು ಹಿಡಿದವು. ಆಮೇಲೆ ಬಣ್ಣ ಬೆರೆತ ಸನ್‌ಸ್ಕ್ರೀನ್, ರಾತ್ರಿಗೆ ಅಝೆಲಾಯಿಕ್ ಆಸಿಡ್ ಕ್ರೀಮ್. ರೊಟ್ಟಿ ಬಡಿಯೋ ಕೆಲಸ ವಾರಕ್ಕೆ ಮೂರು ದಿನ ಅತ್ತೆಗೆ. ಇದೇ ಎಲ್ಲಕ್ಕಿಂತ ಕಷ್ಟದ ಚಿಕಿತ್ಸೆಯಾಗಿತ್ತು.

ಬಂಗಿಗೆ ಲೇಸರ್ ಮೊದಲ ಮದ್ದಲ್ಲ. ಕ್ರೀಮು, ಡಾಕ್ಟರ್ ನೋಡಿ ಕೊಡುವ ಮಾತ್ರೆ, ಬಿಸಿಲಿನಿಂದ ಕಾಪಾಡಿಕೊಳ್ಳುವುದು ಇವೆಲ್ಲ ಆದ ಮೇಲೂ ಬಗ್ಗದಿದ್ದರೆ ಮೆಲ್ಲಗೆ, ಕಡಿಮೆ ಪವರಿನಲ್ಲಿ ‘ಲೇಸರ್ ಟೋನಿಂಗ್’ ಮಾಡುತ್ತಾರೆ. ಮೊದಮೊದಲು ತಿಳಿಯಾಗುತ್ತದೆ, ನಿಲ್ಲಿಸಿದ ಮೇಲೆ ಮರಳಿ ಬರುವುದು ಮಾಮೂಲು. ಹೆಚ್ಚು ಸಲ ಹೊಡೆಸಿದರೆ ಕಂದಿನ ನಡುವೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ ಬೀಳುತ್ತವೆ. ಅವನ್ನು ಸರಿ ಮಾಡೋದು ಬಂಗಿಗಿಂತ ಕಷ್ಟ.

ಹಾಗಾದರೆ ಲೇಸರ್ ಯಾವುದಕ್ಕೆ? ಕಣ್ಣಿನ ಸುತ್ತ, ಒಂದು ಕಡೆಯ ಕೆನ್ನೆಗೆ ಹುಟ್ಟಿನಿಂದಲೋ ಹರೆಯದಲ್ಲೋ ಬರುವ ನೀಲಿ-ಬೂದು ಮಚ್ಚೆ ಇದೆಯಲ್ಲ, ನೀವಸ್ ಆಫ್ ಓಟ ಅಂತಾರೆ, ಅದಕ್ಕೆ ಕ್ಯೂ-ಸ್ವಿಚ್ಡ್ ಲೇಸರ್ ನಿಜವಾಗಿ ಒಳ್ಳೇ ಮದ್ದು. ಯಾವ ಕ್ರೀಮಿಗೂ ಹೋಗದ ಅದು ಹಲವು ಸಿಟ್ಟಿಂಗಿನಲ್ಲಿ ತಿಳಿಯಾಗುತ್ತದೆ. ಕೆಲವು ಬಗೆಯ ಬಿಸಿಲು ಮಚ್ಚೆಗಳೂ ಹೋಗುತ್ತವೆ.

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಲೇಸರ್ ಕೇಳುವ ಮುಂಚೆ ಶುಗರ್ ಟೆಸ್ಟ್ ಮಾಡಿಸಿ. ಅದು ಹೆಚ್ಚಾಗಿ ತೂಕ ಮತ್ತು ಇನ್ಸುಲಿನ್ನಿನ ಕತೆ. ಹಣೆ, ಕಿವಿಯ ಪಕ್ಕ ಬೂದು ಕಪ್ಪಾಗಿದ್ದರೆ ಕೂದಲ ಡೈ ಬಗ್ಗೆ ಡಾಕ್ಟರಿಗೆ ಹೇಳಿ. ಸ್ಟಿಕ್ಕರ್ ಬೊಟ್ಟು ಅಂಟಿಸುವ ಜಾಗದಲ್ಲಿ ಬಿಳಿಯಾಗಿದ್ದರೆ ಅದು ಅಂಟಿನ ರಾಸಾಯನಿಕದಿಂದ, ಬೊಟ್ಟು ಬದಲಿಸಿ ತೋರಿಸಿ. ತಿಳಿ ಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ ಬ್ಯೂಟಿ ಪಾರ್ಲರಿನ ಕಡೆ ತಲೆ ಹಾಕಬೇಡಿ. ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಮಾತ್ರೆ ಪುಕ್ಕಟೆ, ಬೇಗ ಹೋದರೆ ಪೂರ್ತಿ ವಾಸಿಯಾಗುತ್ತದೆ. ಇನ್ನು ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ, ರಕ್ತ ಬರುವ ಮಚ್ಚೆಗೆ ಪರೀಕ್ಷೆ ಆಗದೆ ಯಾರಿಂದಲೂ ಲೇಸರ್ ಹೊಡೆಸಬಾರದು.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಮೊದಲ ಸಲ ತೋರಿಸಲು ಬೆಂಗಳೂರು, ಹೈದರಾಬಾದ್ ಬಸ್ಸು ಹತ್ತಬೇಕಿಲ್ಲ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ಚರ್ಮದ ಓಪಿಡಿ ಇದೆ. ಕಲೆಯ ಹೆಸರು ಗೊತ್ತುಮಾಡಿಕೊಳ್ಳಲು ಅಷ್ಟು ಸಾಕು. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಲೇಸರ್ ಬೇಕೇ ಬೇಡವೇ, ಎಲ್ಲಿ ಮಾಡಿಸಬೇಕು ಅಂತ ಅಲ್ಲೇ ಕೇಳಿ.

ಖಾಸಗಿ ಕ್ಲಿನಿಕ್ಕಿಗೆ ಹೋದರೆ ಗೋಡೆ ಓದಿ. ಡಾಕ್ಟರ ಹೆಸರಿನ ಮುಂದೆ ಚರ್ಮರೋಗದ ಡಿಗ್ರಿ, ಅಂದರೆ ಎಂ.ಡಿ. ಡಿವಿಎಲ್, ಡಿಡಿವಿಎಲ್ ಅಥವಾ ಚರ್ಮರೋಗದ ಡಿಎನ್‌ಬಿ ಇರಬೇಕು. ಜೊತೆಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ. ಕ್ಲಿನಿಕ್ಕಿಗೆ ಖಾಸಗಿ ಆಸ್ಪತ್ರೆಗಳಿಗಿರುವ ಕೆಪಿಎಂಇ ಕಾಯ್ದೆಯಡಿ ಪಡೆದ ಸರ್ಟಿಫಿಕೇಟ್ ಇರಬೇಕು, ಅದನ್ನು ಕಾಣುವಂತೆ ತೂಗುಹಾಕಬೇಕು. ‘ಕಾಸ್ಮೆಟಾಲಜಿ ಎಕ್ಸ್‌ಪರ್ಟ್’ ಎಂಬ ಹೊಳೆಯುವ ಫ್ರೇಮು ಚರ್ಮದ ಡಾಕ್ಟರ್ ಅನ್ನೋದಕ್ಕೆ ಪುರಾವೆ ಅಲ್ಲ.

ಆಮೇಲೆ ಸಂಕೋಚ ಬಿಟ್ಟು ಕೇಳಿ. ಮಿಷನ್ ಯಾವುದು, ನನಗೆ ಬಳಸುವುದು 1064ಓ 532ಓ? ಕೈ ಹಾಕೋರು ಡಾಕ್ಟರೋ, ಹುಡುಗನೋ? ನನ್ನಂಥ ಬಣ್ಣದವರ ಮೊದಲಿನ, ಆಮೇಲಿನ ಫೋಟೋ ತೋರಿಸ್ತೀರಾ? ಬೊಬ್ಬೆ ಎದ್ದರೆ ಯಾರಿಗೆ ಫೋನ್ ಮಾಡಬೇಕು? ಒಳ್ಳೇ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೂದಲು ತೆಗೆಯುವ ಐಪಿಎಲ್ ಅಥವಾ ಡಯೋಡ್ ಮಿಷನ್ನಿನಲ್ಲೇ ಹಚ್ಚೆಯನ್ನೂ ತೆಗೆಯುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಐಪಿಎಲ್ ಲೇಸರೇ ಅಲ್ಲ, ಹಲವು ಬಣ್ಣ ಬೆರೆತ ಬೆಳಕಿನ ಮಿಂಚು. ಅದರ ಏಟು ಹಚ್ಚೆಗೆ ಬಲು ಉದ್ದ, ಚರ್ಮ ಸುಡುತ್ತದೆ. ನನ್ನ ಕೈ ಮೇಲೆ ಓಡಿದ್ದು ಅದೇ ಅಂತ ಆಮೇಲೆ ಗೊತ್ತಾಯಿತು.

ದುಡ್ಡಿನ ಮಾತು. ಸಾಮಾನ್ಯವಾಗಿ ಹಚ್ಚೆಯ ಅಳತೆ ನೋಡಿ, ಸಿಟ್ಟಿಂಗ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸಿಟ್ಟಿಂಗಿನ ರೇಟು ಕೇಳಿ ಖುಷಿಪಡಬೇಡಿ, ಹತ್ತರಿಂದ ಗುಣಿಸಿ. ಅದಕ್ಕೆ ಸನ್‌ಸ್ಕ್ರೀನ್, ಮುಲಾಮು, ಬಸ್ ಚಾರ್ಜು, ಬಿಟ್ಟ ಕೂಲಿ ಸೇರಿಸಿ. ಸಿಂಧನೂರಿನಿಂದಲೋ ಗಂಗಾವತಿಯಿಂದಲೋ ಬಂದು ಹೋಗುವವರಿಗೆ ಇದೇ ಒಂದು ದೊಡ್ಡ ಮೊತ್ತ. ‘ಹತ್ತು ಸಿಟ್ಟಿಂಗ್ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ’ ಅನ್ನೋದನ್ನು ನಾನಂತೂ ಒಪ್ಪೋದಿಲ್ಲ. ಒಂದೊಂದೇ ಕಟ್ಟಿ, ಒಂದೊಂದೇ ನೋಡಿ.

ಯಾವ ತಿಂಗಳಿಗೆ ಶುರು ಮಾಡಬೇಕು

ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಚರ್ಮ ಕಪ್ಪಾಗಿದ್ದಾಗ ಲೇಸರ್ ಹೊಡೆಸಿದರೆ ಮೆಲನಿನ್ನೇ ಏಟು ತಿನ್ನುತ್ತದೆ. ಹೊಡೆಸಿದ ಮೇಲೆ ಬಿಸಿಲಿಗೆ ಹೋದರೆ ಆ ಜಾಗ ಕಪ್ಪು ಕಟ್ಟುತ್ತದೆ. ಹೊಲದ ಕೆಲಸ, ಗಣಿ ಲಾರಿ, ಕಟ್ಟಡದ ಕೆಲಸ ಇದ್ದವರು ದಸರಾ ಕಳೆದ ಮೇಲೆ ಶುರು ಮಾಡಿ. ಬೇಸಿಗೆಯಲ್ಲಿ ಒಂದು ಸಿಟ್ಟಿಂಗ್ ಬಿಟ್ಟರೂ ನಷ್ಟ ಇಲ್ಲ, ಮೈ ಚೂರು ಹೊರುವ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಹೊರಗೆ ಹೋಗಲೇಬೇಕಾದವರಿಗೆ ಸನ್‌ಸ್ಕ್ರೀನಿಗಿಂತ ತುಂಬು ತೋಳಿನ ಅಂಗಿ, ತಲೆಗೆ ಸುತ್ತಿದ ಟವೆಲ್ಲೇ ಮೇಲು. ಬೆವರಿಗೆ ಅದು ತೊಳೆದು ಹೋಗುವುದಿಲ್ಲ.

ಡಾಕ್ಟರಿಗೆ ಮುಚ್ಚಿಡಬಾರದವು

ಗಾಯ ಆದಲ್ಲಿ ಗಂಟು ಕಟ್ಟುವ ಗುಣ ಇದ್ದರೆ, ಅಂದರೆ ಕಿವಿ ಚುಚ್ಚಿಸಿದ ಕಡೆ ಬೆಳೆದಿದ್ದರೆ, ತೋರಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ, ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ ಹೇಳಿ. ಕೀಲುವಾತಕ್ಕೆ ಹಿಂದೆ ಯಾವಾಗಲಾದರೂ ಚಿನ್ನದ ಲವಣದ ಇಂಜೆಕ್ಷನ್ ತಗೊಂಡಿದ್ದರೆ ಖಂಡಿತ ಹೇಳಿ, ಲೇಸರ್ ಬಿದ್ದ ಕಡೆ ಚರ್ಮ ನೀಲಿಗಟ್ಟಿಬಿಡುತ್ತದೆ. ಬಸುರಿಯರು ಹೆರಿಗೆ ಆಗುವವರೆಗೆ ತಡೆಯಿರಿ. ಬಂಗು ಆಗ ತಾನಾಗಿಯೇ ಸ್ವಲ್ಪ ಇಳಿಯಲೂಬಹುದು. ತೊನ್ನು ಇದ್ದರೆ, ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನೂ ಹೇಳಿ. ಜಾತ್ರೆಯಲ್ಲಿ ಹಾಕಿಸಿಕೊಂಡವರು ಒಂದು ಸಲ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸಿಬಿಡಿ. ಒಂದೇ ಸೂಜಿ ಎಷ್ಟು ಜನರ ಕೈ ಹೊಕ್ಕಿತ್ತೋ ಯಾರಿಗೆ ಗೊತ್ತು.

ಮೊದಲ ದಿನವೇ ಪೂರ್ತಿ ಹೊಡೆಸಬೇಡಿ. ಮೂಲೆಯಲ್ಲಿ ಬೆರಳ ಉಗುರಿನಷ್ಟು ಜಾಗಕ್ಕೆ ಟೆಸ್ಟ್ ಮಾಡಿಸಿ, ಕೆಲವು ವಾರ ಕಾದು ನೋಡಿ. ನಮ್ಮ ಚರ್ಮದಲ್ಲಿ ಕಪ್ಪೋ ಬಿಳಿಯೋ ಆಗೋದು ತಡವಾಗಿ ಕಾಣುತ್ತದೆ. ಆಮೇಲೆ ನಿಮ್ಮ ಮೊಬೈಲಿನಲ್ಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಒಂದೇ ಕಿಟಕಿ, ಒಂದೇ ಹೊತ್ತು. ಪ್ರತಿ ಸಿಟ್ಟಿಂಗಿಗೂ ಹೀಗೆ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ.

ಆ ದಿನ ಏನಾಗುತ್ತದೆ

ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮುಕ್ಕಾಲು ತಾಸೋ ಒಂದು ತಾಸೋ ಕೂರಿಸುತ್ತಾರೆ. ಟೈಮ್ ಉಳಿಸೋಣ ಅಂತ ಮನೆಯಿಂದಲೇ ದೊಡ್ಡ ಜಾಗಕ್ಕೆ ಮೆತ್ತಿಕೊಂಡು ಬರಬೇಡಿ. ಅದು ರಕ್ತಕ್ಕೆ ಸೇರಿದರೆ ಹೃದಯಕ್ಕೆ ಅಪಾಯ. ಕಣ್ಣಿಗೆ ಆ ಲೇಸರಿಗೆಂದೇ ಇರುವ ಕನ್ನಡಕ ಹಾಕುತ್ತಾರೆ. ಜೊತೆಗೆ ಬಂದವರು ಕೋಣೆಯೊಳಗೆ ಇದ್ದರೆ ಅವರಿಗೂ ಬೇಕು. ಕೂಲಿಂಗ್ ಗ್ಲಾಸು ಸಾಲದು. ಈ ಬೆಳಕು ಕಣ್ಣಿನ ಹಿಂಪರದೆ ಸುಟ್ಟರೆ ಹೋದ ದೃಷ್ಟಿ ಮರಳಿ ಬರುವುದಿಲ್ಲ. 1064 ಅಂತೂ ಕಣ್ಣಿಗೇ ಕಾಣುವುದಿಲ್ಲ.

ನೋವು? ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿದು ಕೈಗೆ ಬೀಳುತ್ತದಲ್ಲ, ಅದೇ. ಒಂದಲ್ಲ, ನೂರು ಸಾಸಿವೆ. ಚಟ್ ಚಟ್ ಚಟ್ ಅಂತ ಸದ್ದು, ಕೂದಲು ಸುಟ್ಟ ಸಣ್ಣ ವಾಸನೆ. ನನ್ನ ಎರಡು ಅಕ್ಷರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಹೊಡೆದ ತಕ್ಷಣ ಮಸಿ ಇದ್ದ ಜಾಗ ಹಾಲಿನ ಕೆನೆಯಂತೆ ಬೆಳ್ಳಗಾಯಿತು. ಹಚ್ಚೆ ಹೋಯಿತು ಅಂತ ಕುಣಿಯುವಷ್ಟು ಖುಷಿ. ಡಾಕ್ಟರ್ ನಕ್ಕು, "ತಮ್ಮಾ, ಇಪ್ಪತ್ತು ನಿಮಿಷ ತಡಿ" ಅಂದರು. ಅದು ಒಳಗೆ ಏಳುವ ಗಾಳಿಗುಳ್ಳೆಯ ಬಿಳುಪು. ಮೆಟ್ಟಿಲು ಇಳಿಯುವಷ್ಟರಲ್ಲಿ ಅಕ್ಷರ ಹಾಜರ್.

ಮನೆಗೆ ಬಂದ ಮೇಲೆ

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕ್ ಹತ್ತತ್ತು ನಿಮಿಷ ಇಡಿ. ಐಸ್ ನೇರವಾಗಿ ಒತ್ತಬೇಡಿ. ವ್ಯಾಸಲಿನ್ನೋ ಡಾಕ್ಟರ್ ಬರೆದ ಮುಲಾಮೋ ತೆಳ್ಳಗೆ ಹಚ್ಚಿ, ಗಾಯಕ್ಕೆ ಅಂಟದ ಪಟ್ಟಿ ಕಟ್ಟಿ. ಸ್ನಾನ ಮಾಡಬಹುದು, ಉಜ್ಜಬಾರದು. ಅರಿಶಿನ, ನಿಂಬೆ, ಟೂತ್‌ಪೇಸ್ಟ್, ಕಾಫಿಪುಡಿ ಯಾವುದೂ ಬೇಡ. ಮನೆಯಲ್ಲಿ ಹಿರಿಯರು ಅರಿಶಿನ ಹಚ್ಚೇ ಹಚ್ಚುತ್ತಾರೆ, ಬೇಡ ಅಂತ ಮೊದಲೇ ಹೇಳಿಡಿ.

ಸಣ್ಣ ಬೊಬ್ಬೆ ಬರುವುದು ಮಾಮೂಲು. ಚುಚ್ಚಬೇಡಿ, ಅದರ ಚರ್ಮವೇ ಬ್ಯಾಂಡೇಜು. ಹಕ್ಕಳೆ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಕಿತ್ತರೆ ಕಲೆ ಉಳಿಯುತ್ತದೆ. ಅಲ್ಲಿಯವರೆಗೆ ತುಂಗಭದ್ರಾ ಕಾಲುವೆಯಲ್ಲಿ ಈಜು ಇಲ್ಲ, ಗದ್ದೆಯ ಕೆಸರಿಗೆ ಇಳಿಯುವುದೂ ಇಲ್ಲ. ಜಿಮ್ಮಿಗೂ ಒಂದೆರಡು ದಿನ ರಜೆ.

ಹಕ್ಕಳೆ ಬಿದ್ದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್. ಮುಖಕ್ಕಾದರೆ ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ, ಅಷ್ಟೂ ಹಚ್ಚಬೇಕು. ನಾವು ಹಚ್ಚೋದು ಕುಂಕುಮದಷ್ಟು. ಹೊರಗಿದ್ದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ. ಲೇಸರ್ ಹೊಡೆದ ಜಾಗ ಕಂದು ಕಟ್ಟಿದರೆ ಗಾಬರಿ ಬೇಡ, ಬಹುತೇಕ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಮುಂದಿನ ಸಿಟ್ಟಿಂಗ್ ಮಾತ್ರ ಅದು ಇಳಿದ ಮೇಲೆ.

ಕೀವು, ಹಬ್ಬುತ್ತಿರುವ ಕೆಂಪು, ಜ್ವರ, ದಿನ ಕಳೆದಂತೆ ಹೆಚ್ಚುವ ನೋವು ಇದ್ದರೆ ಅದೇ ದಿನ ಡಾಕ್ಟರನ್ನು ನೋಡಿ. ಮೈಯೆಲ್ಲ ದದ್ದು ಎದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರಬೇಡಿ, 108ಕ್ಕೆ ಮಾಡಿ.

ನಡುವೆ ಎಲ್ಲೋ ಬೇಸರ ಬರುತ್ತದೆ. ನನಗೆ ನಾಲ್ಕನೇ ಸಿಟ್ಟಿಂಗಿಗೆ ಬಂತು. ಏನೂ ಆಗುತ್ತಿಲ್ಲ ಅನ್ನಿಸಿತು. ಮೊಬೈಲಿನ ಮೊದಲ ಫೋಟೋ ತೆಗೆದು ಪಕ್ಕ ಇಟ್ಟಾಗ ಅರ್ಧಕ್ಕರ್ಧ ಹೋಗಿತ್ತು. ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ ಅನ್ನುವವರು ತಿಳಿಯಾದ ಮೇಲೆ ನಿಲ್ಲಿಸಿ, ಅದರ ಮೇಲೆ ಬೇರೆ ಚಿತ್ರ ಹಾಕಿಸಿಕೊಳ್ಳುವುದೂ ಉಂಟು. ಅಂಗಡಿಗೆ ಬರುವ ಒಬ್ಬ ಹುಡುಗ ಹೆಸರಿನ ಜಾಗಕ್ಕೆ ಆಂಜನೇಯನನ್ನು ಕೂರಿಸಿದ್ದಾನೆ. ಆಂಜನೇಯನನ್ನು ಅಳಿಸಬೇಕಾಗಿ ಬರೋದಿಲ್ಲ ಅನ್ನೋದು ಅವನ ಲೆಕ್ಕ.

ನನ್ನ ಬಿಳಿ ಕಲೆಗೆ ಈಗ ಬೇರೆ ಔಷಧ ನಡೆದಿದೆ. ಅಲ್ಲಿ ಕೂದಲಿನ ಬೇರು ಉಳಿದಿದ್ದರೆ ಬಣ್ಣ ಅದರೊಳಗಿನಿಂದಲೇ ಮರಳುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಕಳೆದ ತಿಂಗಳು ಬೆಳಕಿಗೆ ಹಿಡಿದು ನೋಡಿದೆ. ಬಿಳಿಯ ನಡುವೆ ರಾಗಿ ಕಾಳಿನಷ್ಟು ಮೂರು ಕಂದು ಚುಕ್ಕೆ ಬಂದಿವೆ.